ಫೆಬ್ರವರಿ ಕಂತು ಎಲ್ಲಿ ಹೋಯಿತು?

ಪತ್ರಿಕೋದ್ಯಮ ಓದಿದ ನಾವು ಮೂವರು ಸೇರಿ ಊರಿನ ಮಹಿಳಾ ಸಂಘಕ್ಕೆ ಸಾಲದ ಕಂತಿನ ದಿನ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದೆವು, ಜಾವಾಸ್ಕ್ರಿಪ್ಟ್‌ನಲ್ಲಿ. ಅಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು: ಜನವರಿ 0, ಡಿಸೆಂಬರ್ 11. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆವು.

2023ರ ಜನವರಿ 31ಕ್ಕೆ ಒಂದು ಕಂತು. ಮುಂದಿನ ಕಂತಿಗೆ ತಿಂಗಳ ಅಂಕಿಗೆ ಒಂದು ಕೂಡಿಸಿದೆವು, ಅಷ್ಟೇ. ಸಂಘದ ಲೆಕ್ಕ ಬರೆಯುವ ಅಕ್ಕ ಫೋನ್ ನೋಡಿ, "ಫೆಬ್ರವರಿ ಕಂತು ಎಲ್ಲಿ ಹೋಯ್ತ್ರಪ್ಪಾ? ಮಾರ್ಚ್ 3 ಅಂತ ತೋರಿಸ್ತದೆ. ಇದನ್ನ ನಂಬಿ ಕೂತ್ರೆ ದಂಡ ಕಟ್ಟೋರು ಯಾರು?" ಅಂದರು.

ತಪ್ಪು ನಮ್ಮದೇ. ಆ ವರ್ಷ ಫೆಬ್ರವರಿಗೆ 28 ದಿನ. ಹೆಚ್ಚಾದ ಮೂರು ದಿನವನ್ನು ಪ್ರೋಗ್ರಾಂ ಮಾರ್ಚ್‌ಗೆ ದಾಟಿಸಿತ್ತು. ಜಾವಾದ ಕ್ಯಾಲೆಂಡರ್‌ನಲ್ಲಿ 'ಆಡ್' ಬಳಸಿದ್ದರೆ ಫೆಬ್ರವರಿ 28ಕ್ಕೇ ನಿಲ್ಲುತ್ತಿತ್ತು. ಆದರೆ ಆ 28ಕ್ಕೆ ಮತ್ತೊಂದು ತಿಂಗಳು ಕೂಡಿಸಿದರೆ ಬರುವುದು ಮಾರ್ಚ್ 28, 31 ಅಲ್ಲ.

ಈಗ ಪ್ರತಿ ಕಂತನ್ನೂ ಮೊದಲ ತಾರೀಖಿನಿಂದಲೇ ಎಣಿಸುತ್ತೇವೆ. ಆ ತಾರೀಖು ಇಲ್ಲದ ತಿಂಗಳಲ್ಲಿ ಕೊನೆಯ ದಿನ ಹಿಡಿಯುತ್ತೇವೆ. ಅಕ್ಕ ಮಾತ್ರ ಇಂದಿಗೂ ಗೋಡೆಯ ಕ್ಯಾಲೆಂಡರ್ ಎದುರು ನಿಂತೇ ಫೋನ್ ನೋಡುತ್ತಾರೆ. ನಿಮ್ಮ ಕಂತೂ 31ಕ್ಕಿದ್ದರೆ, ಫೆಬ್ರವರಿಯನ್ನು ಒಮ್ಮೆ ಹಾಗೇ ನೋಡಿಕೊಳ್ಳಿ.