ಚೊಚ್ಚಲ ಬಾಣಂತನದ ಜಮಾಖರ್ಚು

ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗೆ ಗೃಹಕೃತ್ಯದ ವಿಷಯವಾಗಿ ಒಂದು ಬರಹವನ್ನು ಕಳುಹಿಸಬೇಕೆಂದು ಅಪ್ಪಣೆಯಾದಾಗ, ಬರೆಯಲು ಯೋಗ್ಯವಾದದ್ದು ನನ್ನಲ್ಲೇನಿದೆ ಎಂದು ಬಹಳ ಹೊತ್ತು ಯೋಚಿಸಿದೆನು. ಕಡೆಗೆ 2025ನೆಯ ಇಸವಿಯ ನಮ್ಮ ಮನೆಯ ಲೆಕ್ಕದ ಪುಸ್ತಕವೇ ಕಣ್ಣಿಗೆ ಬಿತ್ತು. ಅದರಲ್ಲಿ ನಮ್ಮ ಮಗಳ ಚೊಚ್ಚಲ ಬಾಣಂತನದ ಜಮಾಖರ್ಚು ಬರೆದಿದೆ. ಅವಳೂ ಇದೇ ಶಾಲೆಯಲ್ಲಿ ಕಲಿತವಳು. ಹೆಣ್ಣುಮಕ್ಕಳನ್ನು ಹೆತ್ತ ತಂದೆತಾಯಿಗಳು ಈ ಸಂಚಿಕೆಯನ್ನು ಓದುವವರಲ್ಲಿ ಅನೇಕರಿರುವದರಿಂದ, ಆ ಪುಸ್ತಕದ ಕೆಲವು ಪುಟಗಳನ್ನು ಸಂಕೋಚವಿಲ್ಲದೆ ನಿಮ್ಮ ಮುಂದಿಡುತ್ತೇನೆ.

ನಮ್ಮ ವಾಸ ಕುಸನೂರಿನಲ್ಲಿ. ಹಿಂದೆ ಹೊಲಗಳ ನಡುವೆ ಇದ್ದ ಈ ಊರಿನ ಬಾಗಿಲಿಗೆ ಈಗ ಕಲಬುರಗಿ ಪಟ್ಟಣವೇ ಬಂದು ನಿಂತಿದೆ. ಯಜಮಾನರು ತೊಗರಿಬೇಳೆಯ ಗಿರಣಿಯೊಂದರಲ್ಲಿ ತೂಕದ ಲೆಕ್ಕ ಬರೆಯುತ್ತಾರೆ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತು ಅದರ ಕೀರ್ತಿ ಹೆಚ್ಚಿತೆನ್ನುವರು. ಅದನ್ನು ತೂಗುವವರ ಸಂಬಳಕ್ಕೆ ಆ ಕೀರ್ತಿ ಇನ್ನೂ ತಲುಪಿಲ್ಲ. ತಿಂಗಳಿಗೆ 13,000 ರೂಪಾಯಿ. ಕಿರಿಯ ಮಗನ ಓದು, ಮನೆಯ ಬಾಡಿಗೆ, ಅತ್ತೆಯವರ ಔಷಧ ಇವೆಲ್ಲ ಕಳೆದ ಮೇಲೆ ಉಳಿಯುವದು ಅಷ್ಟಕ್ಕಷ್ಟೇ. ಆದರೆ 2023ರ ಆಗಸ್ಟದಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಗಳನ್ನು, ಮಗಳ ಲಗ್ನವಾದಂದಿನಿಂದ ನಾನು ಮುಟ್ಟದೆ ಅಂಚೆಯ ಖಾತೆಗೆ ಹಾಕುತ್ತ ಬಂದಿದ್ದೆನು. ಹನ್ನೆರಡು ಕಂತುಗಳು ಸೇರಿ 24,000 ರೂಪಾಯಿಗಳಾಗಿದ್ದವು. ಕೂಸಿನ ನಿಮಿತ್ತ ನಮ್ಮ ಹತ್ತಿರ ಇದ್ದ ಜಮೆ ಇಷ್ಟೇ.

ಖರ್ಚಿನ ಕಡೆಯನ್ನು ಮಾತ್ರ ನಾವು ಬರೆಯುವ ಮೊದಲೇ ಊರವರು ಬರೆದಿಟ್ಟಿದ್ದರು. ಚೊಚ್ಚಲ ಬಾಣಂತನವು ತವರಿನವರದೆಂಬದು ನಮ್ಮ ಸೀಮೆಯ ರೂಢಿ. ಏಳನೆಯ ತಿಂಗಳಲ್ಲಿ ಬುತ್ತಿ ಕಟ್ಟಿಕೊಂಡು ಬೀಗರ ಊರಿಗೆ ಹೋಗಿ ಕುಬುಸ ಮಾಡಬೇಕು. ಮಗಳಿಗೆ ಹಸಿರು ಸೀರೆ, ಹಸಿರು ಬಳೆ. ಬೀಗರ ಮನೆಯವರಿಗೆಲ್ಲ ಆಹೇರಿನ ಬಟ್ಟೆ. ಬಂದ ಮಂದಿಗೆಲ್ಲ ಊಟ. ಆ ಮೇಲೆ ಹೆರಿಗೆಯ ಖರ್ಚು, ಬಾಣಂತಿಯ ಖಾದ್ಯ, ತೊಟ್ಟಿಲು, ಕೂಸಿನ ಕಾಲಿಗೆ ಬೆಳ್ಳಿ, ನಡುವಿಗೆ ಉಡದಾರ. ನನ್ನ ಮೈದುನನ ಹೆಂಡತಿ ಲೆಕ್ಕದಲ್ಲಿ ಜಾಣೆ. ಕುಬುಸವೊಂದಕ್ಕೇ 31,000 ರೂಪಾಯಿ ಬೇಕೆಂದು ಬೆರಳು ಮಡಿಚಿ ತೋರಿಸಿದಳು. ಯಜಮಾನರು, “ಸಂಘದಿಂದ ಇಪ್ಪತ್ತು ಸಾವಿರ ಎತ್ತಿದರಾಯಿತು” ಎಂದರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 400 ರೂಪಾಯಿ ಬಡ್ಡಿಗೇ ಹೋಗುವದು. ದಿನಕ್ಕೆ ಅರ್ಧ ಲೀಟರಿನಂತೆ ಎರಡು ವಾರದ ಹಾಲು ಅದರಲ್ಲಿ ಬರುತ್ತದೆ. ಇದನ್ನು ಹೇಳಿದಾಗ ಅವರು ಸುಮ್ಮನಾದರು. ಒಪ್ಪಿದರೆಂದು ಮಾತ್ರ ಹೇಳಲಾರೆನು.

ಹೀಗಿರಲು 2024ರ ಡಿಸೆಂಬರದ ಕಡೆಗೆ ಎಳ್ಳಮಾವಾಸ್ಯೆಗೆ ಮಗಳು ಬಂದಳು. ಆಗ ಅವಳಿಗೆ ಐದನೆಯ ತಿಂಗಳು. ಹೊಲಕ್ಕೆ ಹೋಗಿ ಸಜ್ಜೆರೊಟ್ಟಿ, ಭಜ್ಜಿ ಉಣ್ಣುವ ಹಬ್ಬ ಅವಳಿಗೆ ಚಿಕ್ಕಂದಿನಿಂದಲೂ ಪ್ರಿಯ. ಆ ದಿನ ಮಾತ್ರ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು ಬಿಡುತ್ತ ಕುಳಿತುಬಿಟ್ಟಳು. ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಿದೆನು. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಮಾರನೆಯ ವಾರ ಕಲಬುರಗಿಯ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರಕ್ತದ ಹಿಮೋಗ್ಲೋಬಿನ್ 8.4 ಗ್ರಾಂ ಎಂದು ತಾಯಿ ಕಾರ್ಡಿನಲ್ಲಿ ಬರೆದರು. ಗರ್ಭಿಣಿಗೆ ಅದು 11ಕ್ಕಿಂತ ಕೆಳಗಿರಬಾರದು. ವೈದ್ಯೆಯು ಶಾಂತವಾಗಿಯೇ ಹೇಳಿದಳು: ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ; ತುಂಬಿದ ಕೊಡದಿಂದ ನಾಲ್ಕು ತಂಬಿಗೆ ಚೆಲ್ಲಿದರೆ ಚಿಂತೆಯಿಲ್ಲ, ಅರೆಗೊಡದಿಂದ ಚೆಲ್ಲಿದರೆ ಏನು ಉಳಿಯುವದು? ಕೂಸು ತೂಕದಲ್ಲಿ ಕಡಿಮೆಯಾಗಿಯೂ ದಿನ ತುಂಬುವ ಮೊದಲೂ ಹುಟ್ಟುವ ಭಯವಿದೆಯೆಂದೂ ತಿಳಿಸಿದಳು. 2019ರಿಂದ 21ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಗರ್ಭಿಣಿಯರಲ್ಲಿ ಶೇಕಡಾ 52 ಮಂದಿ ರಕ್ತಹೀನರಂತೆ. ಅಂದರೆ ಕುಬುಸದ ಮಣೆಯ ಮೇಲೆ ಹಸಿರು ಸೀರೆಯುಟ್ಟು ಕೂಡ್ರುವ ಇಬ್ಬರಲ್ಲಿ ಒಬ್ಬಳು.

ಆ ರಾತ್ರಿ ಲೆಕ್ಕವನ್ನು ಹೊಸದಾಗಿ ಬರೆದೆನು. ಮೊದಲು ಕುಬುಸ, ಬಳಿಕ ಹೆರಿಗೆ, ಉಳಿದರೆ ಊಟ ಎಂಬ ಕ್ರಮವನ್ನು ತಲೆಕೆಳಗು ಮಾಡಿ, ಮಗಳ ತಾಟಿನ ಖರ್ಚನ್ನು ಮೊದಲ ಸಾಲಿನಲ್ಲಿಟ್ಟೆನು. ಹೆರಿಗೆಯ ವರೆಗೆ 3,600 ರೂಪಾಯಿ: ಹಾಲು, ತತ್ತಿ, ಶೇಂಗಾ, ನಿಂಬೆ, ಪೇರಲ. ಜೋಳ, ತೊಗರಿ, ಬೆಲ್ಲ ಮನೆಯಲ್ಲಿದ್ದವೇ. ನುಗ್ಗೆಸೊಪ್ಪಿಗೆ ನಮ್ಮ ಓಣಿಯಲ್ಲಿ ಯಾರೂ ಹಣ ಕೇಳುವದಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದರೆ ರಕ್ತ ಕೆಂಪಾಗುವದೆಂದು ನೆರೆಯವರು ಹೇಳಿದರು. ಆ ಹಣ್ಣಿನ ರುಚಿಗೆ ನನ್ನ ನಮಸ್ಕಾರವಿರಲಿ, ಅದರ ಬೆಲೆಗೂ ಇರಲಿ; ಆದರೆ ಸಿಪ್ಪೆಯ ಬಣ್ಣ ರಕ್ತಕ್ಕೆ ಇಳಿಯಲಾರದು. ಅದೇ ಹಣಕ್ಕೆ ಬರುವ ಶೇಂಗಾ, ಹೆಸರುಕಾಳುಗಳಲ್ಲಿ ಲೋಹಾಂಶವು ಹೆಚ್ಚು.

ಇನ್ನು ಮಾತ್ರೆಗಳು. ಲೋಹಾಂಶದ ಮಾತ್ರೆಗಳನ್ನು ಸರಕಾರದವರು ಪುಕ್ಕಟೆ ಕೊಡುತ್ತಾರೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆತ್ತ ಮೇಲೂ 180 ದಿನ. ರಕ್ತ ಕಡಿಮೆಯಿದ್ದವಳಿಗೆ ದಿನಕ್ಕೆ ಎರಡು. ಮಗಳಿಗೂ ಕೊಟ್ಟಿದ್ದರು. ಹೊಟ್ಟೆ ತೊಳಸುವದೆಂದೂ, ಕೂಸು ಕಪ್ಪಾಗುವದೆಂದೂ ಯಾರೋ ಹೇಳಿದ್ದರಿಂದ ಅವಳು ಅವುಗಳನ್ನು ಡಬ್ಬಿಯಲ್ಲಿಯೇ ಇಟ್ಟಿದ್ದಳು. ಕೂಸಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಕಪ್ಪಾಗುವದು ಮಲ ಮಾತ್ರ, ಅದರಿಂದ ಕೇಡಿಲ್ಲ. ಚಹದ ಜೊತೆಗೆ ನುಂಗಿದರೆ ಲೋಹಾಂಶವು ಮೈಗೆ ಹತ್ತುವದಿಲ್ಲ, ಹಾಲಿನ ಜೊತೆಗೂ ಹಾಗೆಯೇ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ತಾಸಿನ ಅಂತರವಿರಬೇಕು. ರಾತ್ರಿ ಊಟವಾದ ಮೇಲೆ ನಿಂಬೆಯ ನೀರಿನೊಡನೆ ಕೊಟ್ಟರೆ ತೊಳಸುವದು ಕಡಿಮೆ. ನಮ್ಮ ಸೀಮೆಯವರಿಗೆ ಚಹ ಬಿಡುವದು ಎಷ್ಟು ಕಠಿಣವೆಂಬದು ನಿಮಗೆ ಗೊತ್ತು. ಊಟದ ಹಿಂದೆಮುಂದೆ ಒಂದು ತಾಸು ಮಾತ್ರ ಬೇಡವೆಂದು ಒಡಂಬಡಿಕೆಯಾಯಿತು.

ಉಳಿದದ್ದು ಎಲ್ಲಕ್ಕಿಂತ ಬಿಗಿಯಾದ ಗಂಟು. ಕುಬುಸವನ್ನು ಚಿಕ್ಕದಾಗಿ ಮಾಡುವೆವೆಂದಾಗ ಎದುರು ಮಾತಾಡಿದವಳು ಮಗಳೇ. “ಅವ್ವಾ, ನೀವು ಇಲ್ಲಿ ಉಳಿಸಿದ್ದು ನನಗ ಅಲ್ಲಿ ಮಾತಾಗಿ ಬರತದ” ಎಂದು ಕಣ್ಣೀರು ತಂದಳು. ಅವಳು ಹೇಳಿದ್ದು ಸುಳ್ಳಲ್ಲ. ತವರಿನ ಮಿತವ್ಯಯದ ದಂಡವನ್ನು ಅನೇಕ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ವರುಷಗಟ್ಟಲೆ ತೆರುತ್ತಾರೆ. ಆದಕಾರಣ ಮಿತವ್ಯಯದ ಮಾತನ್ನು ನಮ್ಮ ಅಡಿಗೆಮನೆಯಲ್ಲಿ ಮುಗಿಸುವದು ಸಾಲದೆಂದು ತಿಳಿದು, ತಾಯಿ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಕಮಲಾಪುರದ ಬಸ್ಸನ್ನು ಹತ್ತಿದೆನು. 2023ರ ಜೂನದಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾಗಿದೆ. ಇಂಥ ಮಾತಿಗೆ ಎರಡು ಸಲ ಹೋಗಬೇಕಾದರೂ ಹೋಗಬಹುದೆಂಬ ಧೈರ್ಯ ಅದರಿಂದ ಇತ್ತು.

ಬೀಗಿತ್ತಿಯವರು ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ನೀರು, ಚಹ, ಕ್ಷೇಮಸಮಾಚಾರ ಎಲ್ಲ ಆದ ಮೇಲೆ ಕಾರ್ಡನ್ನು ತೆರೆದು ಅಂಕಿಯನ್ನು ತೋರಿಸಿ, “ಅಕ್ಕಾರೇ, ನಮ್ಮ ಹತ್ತಿರ ಇರುವ ಹಣ ಇಷ್ಟು. ಇದರಲ್ಲಿ ನಿಮ್ಮ ಮನೆಯವರಿಗೆ ಆಹೇರು ಮಾಡಲೋ, ನಿಮ್ಮ ಮೊಮ್ಮಗುವಿನ ತಾಯಿಗೆ ಉಣಿಸಲೋ, ನೀವೇ ಹೇಳಿರಿ” ಎಂದೆನು. ಅವರು ಓದು ಬಲ್ಲವರಲ್ಲ. ಅಂಕಿಯನ್ನು ಬಹಳ ಹೊತ್ತು ನೋಡುತ್ತಿದ್ದು, “ಊರಾಗ ಮಂದಿ ಏನಂದಾರು?” ಎಂದರು. ನಾನು ಮಾತಾಡಲಿಲ್ಲ. ಮೊರವನ್ನು ಕೆಳಗಿಟ್ಟು ಅವರೇ ಮುಂದುವರಿಸಿದರು. ಅವರಿಗೊಬ್ಬ ತಂಗಿ ಇದ್ದಳಂತೆ. ಕೂಸು ನೆಟ್ಟಗೇ ಹುಟ್ಟಿತಂತೆ. ಆದರೆ ರಕ್ತ ನಿಲ್ಲದೆ, ಹಾಸಿದ ಕೌದಿ ತೊಯ್ದು ನೆಲವೂ ತೊಯ್ದು, ಗಾಡಿ ಕಟ್ಟುವಷ್ಟರಲ್ಲಿ ಅವಳು ತೀರಿಕೊಂಡಳಂತೆ. “ಅಕಿ ಕುಬುಸ ಊರಿಗೆಲ್ಲ ಊಟ ಹಾಕಿ ಮಾಡಿದ್ದರು” ಎಂದು ಹೇಳಿ ಸೆರಗಿನಿಂದ ಮುಖವನ್ನೊರಸಿಕೊಂಡರು. ಆಹೇರಿನ ಮಾತು ಅಲ್ಲಿಗೆ ಮುಗಿಯಿತು. “ಮಂದಿಗೆ ನಾ ಹೇಳತೀನಿ” ಎಂದದ್ದು ಅವರೇ.

ಮಾರ್ಚದ ಮೊದಲ ವಾರದಲ್ಲಿ ಕುಬುಸವಾಯಿತು. ಎರಡೂ ಕಡೆಯಿಂದ ಹತ್ತಿರದ ಬಳಗ ಮಾತ್ರ. ಹಸಿರು ಸೀರೆ, ಬಳೆ, ಬುತ್ತಿ, ಉಂಡಿ, ಕರ್ಚಿಕಾಯಿ ಎಲ್ಲ ಸೇರಿ 6,400 ರೂಪಾಯಿ. ಯಜಮಾನರು ಸಂಘದ ಕಡೆಗೆ ಹೋಗಲಿಲ್ಲ.

ಹೆರಿಗೆಯ ಖರ್ಚಿನ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರಿಗೆ ತಪ್ಪು ತಿಳುವಳಿಕೆಯಿದೆ. 2011ರ ಜೂನ 1ರಿಂದ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಹೊಟ್ಟೆ ಕೊಯ್ದು ತೆಗೆಯಬೇಕಾದರೆ ಆ ಶಸ್ತ್ರಕ್ರಿಯೆ, ಔಷಧ, ಪರೀಕ್ಷೆ, ಬೇಕಾದರೆ ರಕ್ತ, ಊಟ, ಹೋಗಿಬರುವ ವಾಹನ ಇವೆಲ್ಲ ಉಚಿತ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಿಂದ ಚೊಚ್ಚಲಿಗೆ 5,000 ರೂಪಾಯಿ ಬರುವದುಂಟು: ಹೆಸರು ನೋಂದಿಸಿದ ಮೇಲೆ 3,000, ಕೂಸಿನ ಜನನ ನೋಂದಾಯಿಸಿ ಮೊದಲ ಸುತ್ತಿನ ಲಸಿಕೆಗಳಾದ ಮೇಲೆ 2,000. ಆದರೆ ಕೈಗೆ ಬರದ ಹಣವನ್ನು ಜಮೆಯಲ್ಲಿ ಬರೆಯಬಾರದೆಂಬದು ಶಾಲೆಯಲ್ಲಿಯೇ ಕಲಿತ ಪಾಠವಾದ್ದರಿಂದ ನಾನು ಅದನ್ನು ಬರೆಯಲಿಲ್ಲ. ಅಂಗನವಾಡಿಯಲ್ಲಿ ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನ ಬಿಸಿ ಊಟ ಕೊಡುವ ಮಾತೃಪೂರ್ಣ ಯೋಜನೆಯು ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ 2ರಂದು ಆರಂಭವಾಯಿತು. ಮಗಳು ತವರಿಗೆ ಬಂದ ಕೂಡಲೆ ಅವಳ ಹೆಸರನ್ನು ಇಲ್ಲಿಯ ಅಂಗನವಾಡಿಗೆ ಬರೆಸಿದೆವು. “ಊರ ಮಗಳು ಅಲ್ಲಿ ಹೋಗಿ ಉಣ್ಣುವದೆ?” ಎಂದು ಕೇಳಿದವರಿದ್ದಾರೆ. ಉಂಡಳು.

ಇಷ್ಟೆಲ್ಲ ಉಚಿತವಿದ್ದರೂ ನಡುರಾತ್ರಿಯ ಆಟೋ, ಜೊತೆಗಿರುವವರ ಊಟ, ಹೊರಗಿನ ಚಿಲ್ಲರೆ ಖರ್ಚು ತಪ್ಪುವದಿಲ್ಲ. ಅದಕ್ಕೆ 1,900 ರೂಪಾಯಿ. ಇದಲ್ಲದೆ 5,000 ರೂಪಾಯಿಗಳನ್ನು ಒಂದು ಚೀಲದಲ್ಲಿ ಹೊಲಿದು, ತಾಯಿ ಕಾರ್ಡು, ಆಧಾರ, ಎರಡು ಹಳೆಯ ಸೀರೆ, ಕೂಸಿನ ಅರಿವೆಗಳೊಂದಿಗೆ ಟ್ರಂಕಿನ ಮೇಲೆ ಇಟ್ಟೆನು. 108ರ ಗಾಡಿ ಬರದಿದ್ದರೆ ಯಾರ ಆಟೋ, ರಕ್ತ ಬೇಕಾದರೆ ಅಳಿಯನೂ ಅವನ ಗೆಳೆಯನೂ ಕೊಡುವರೆಂದು ಮೊದಲೇ ಮಾತಾಗಿತ್ತು.

ಕೂಸಿನ ಅರಿವೆಯ ವಿಷಯವಾಗಿ ನನ್ನ ಸಂತೋಷವನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಕ್ಷಮಿಸುವಿರಷ್ಟೆ. ಪೇಟೆಯಲ್ಲಿ ಕೂಸಿನ ಜೋಡಿ ಅಂಗಿ, ಟೊಪ್ಪಿಗೆ, ಕಾಲುಚೀಲಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರುವರು. ಪೆಟ್ಟಿಗೆಯೇ ಅಂಗಿಗಿಂತ ಚೆಂದ. ನಮ್ಮ ಮಾವನವರ ಹಳೆಯ ಧೋತರಗಳು ನಾಲ್ಕಿದ್ದವು. ನೂರಾರು ಸಲ ಒಗೆದು ಬೆಣ್ಣೆಯಂತಾದ ಅರಿವೆ; ಹಸುಗೂಸಿನ ಮೈಗೆ ಇದಕ್ಕಿಂತ ಮಿದುವಾದದ್ದು ಯಾವ ಅಂಗಡಿಯಲ್ಲಿ ಸಿಕ್ಕೀತು? ಅವುಗಳನ್ನು ಕುದಿಸಿ, ಬಿಸಿಲಲ್ಲಿ ಒಣಗಿಸಿ, ಮೂವತ್ತಾರು ಲಂಗೋಟಿಗಳನ್ನೂ ಹೊದಿಸುವ ಆರು ಅರಿವೆಗಳನ್ನೂ ಕತ್ತರಿಸಿದೆನು. ಹೊಲಿಗೆಯ ತರಗತಿಯಲ್ಲಿ ಕಾಗದದ ಮೇಲೆ ಕತ್ತರಿಸಿ ಕಲಿತ ಮುಂದೆ ತೆರೆಯುವ ಅಂಗಿಯನ್ನು ಕೈ ಮರೆತಿರಲಿಲ್ಲ. ಗುಂಡಿಯ ಬದಲು ಕಸೆ ಕಟ್ಟಿದರೆ ಕೂಸು ಬೆಳೆದಂತೆ ಅಂಗಿಯೂ ಬೆಳೆಯುತ್ತದೆ. ಅತ್ತೆಯವರು ನಡುಗುವ ಕೈಯಿಂದಲೇ ಹಳೆಯ ಸೀರೆಗಳ ಕೌದಿಯನ್ನು ಹೊಲಿದರು. ಕುಲಾವಿಯ ಅಂಚಿಗೆ ಮಗಳ ಬಾಲ್ಯದ ಪರಕಾರದ ತುಂಡೊಂದನ್ನು ಹಚ್ಚಿದೆವು. ದಾರ, ಕಸೆ, ರಬ್ಬರು ಹಾಳೆ ಕೂಡಿ 700 ರೂಪಾಯಿ; ಸೊಳ್ಳೆಪರದೆಗೆ 350. ತೊಟ್ಟಿಲನ್ನು ನೆರೆಮನೆಯಿಂದ ತಂದೆವು. ಸಂಬಂಧಿಕರೊಬ್ಬರು ಪ್ರೀತಿಯಿಂದ ಉಣ್ಣೆಯ ಅಂಗಿಯನ್ನು ಕಳುಹಿಸಿದ್ದರು. ಕಲಬುರಗಿಯ ಮೇ ತಿಂಗಳಲ್ಲಿ, ಬಿಸಿಲು ನಾಲ್ವತ್ತು ಡಿಗ್ರಿ ದಾಟುವಾಗ, ಅದನ್ನು ನೋಡಿದರೇ ಬೆವರು ಬರುತ್ತಿತ್ತು.

ಹಾಲಿನ ಬಾಟಲಿ, ಹಾಲಿನ ಪುಡಿಗಳಿಗೆ ಲೆಕ್ಕದಲ್ಲಿ ಜಾಗವಿರಲಿಲ್ಲ; ಬೇಕಾಗಿಯೂ ಇರಲಿಲ್ಲ. ಹುಟ್ಟಿದ ತಾಸಿನೊಳಗೆ ತಾಯಿಯ ಮೊದಲ ದಪ್ಪ ಹಾಲನ್ನು ಕುಡಿಸುವದು, ಆರು ತಿಂಗಳ ವರೆಗೆ ಜೇನು, ಸಕ್ಕರೆನೀರು, ಔಡಲೆಣ್ಣೆ ಯಾವದನ್ನೂ ಕೊಡದಿರುವದು ಎಂದು ಅತ್ತೆಯವರಿಗೆ ಮೊದಲೇ ತಿಳಿಸಿದ್ದೆನು. ಹಾಲು ಬರುವದು ತಾಯಿಯ ಊಟದಿಂದಲೂ ನೀರಿನಿಂದಲೂ ಆದ್ದರಿಂದ, ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯವನ್ನೂ ಬಿಟ್ಟೆವು. ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ, ಬೆಲ್ಲ, ತುಪ್ಪಗಳಿಗೆ 3,800 ರೂಪಾಯಿ ಹೋಯಿತು. ಈ ಖರ್ಚನ್ನು ಕಡಿಮೆ ಮಾಡಿರೆಂದು ನಾನು ಯಾರಿಗೂ ಹೇಳಲಾರೆನು. ನಮ್ಮ ಹಿರಿಯರ ರೂಢಿಗಳಲ್ಲಿ ಅಂಟಿನುಂಡಿಯಂಥ ವಿವೇಕದ ರೂಢಿಗಳೂ ಇವೆ.

ಏಪ್ರಿಲದ ಕಡೆಗೆ ಮಗಳ ರಕ್ತ 10.6 ಆಗಿತ್ತು. ಮೇ ತಿಂಗಳ ಒಂದು ನಸುಕಿನಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ತೂಕ 2 ಕಿಲೋ 800 ಗ್ರಾಂ. ಚೀಲದ ಹೊಲಿಗೆಯನ್ನು ಬಿಚ್ಚುವ ಪ್ರಸಂಗ ಬರಲಿಲ್ಲ. ತೊಟ್ಟಿಲಿಗೆಂದು ಉಳಿದಿದ್ದ 2,250 ರೂಪಾಯಿಯಲ್ಲಿ ಹೆಸರಿಡುವದಾಯಿತು. ಆ ದಿನ ಬೀಗಿತ್ತಿಯವರು ಕಮಲಾಪುರದ ಕೆಂಪು ಬಾಳೆಯ ಒಂದು ದೊಡ್ಡ ಹಣಿಗೆಯನ್ನೇ ಹೊತ್ತು ತಂದರು. ಬಂದವರು ಕೂಡ್ರುವ ಮೊದಲೇ ಬಾಣಂತಿ ಎರಡು ಹಣ್ಣು ತಿಂದುಬಿಟ್ಟಳು. ಮಾತ್ರೆಗಳು ಮಾತ್ರ ಇನ್ನೂ ಉಳಿದಿವೆ. ಅವುಗಳನ್ನು ನುಂಗುವಾಗ ಅವಳು ಈಗಲೂ ಮುಖ ಸಿಂಡರಿಸುತ್ತಾಳೆ.