ಸಸೂನ್ ಎಂಬ ಹೆಸರು

ಎರಡು ವರ್ಷದ ಹಿಂದೆ ನನ್ನ ಮಾಮೂ ಓಡಿಸುತ್ತಿದ್ದ ಲಾರಿ ಪುಣೆಯ ಹತ್ತಿರ ಅಪಘಾತಕ್ಕೀಡಾಯಿತು. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಯಾರೋ ದಾರಿಹೋಕರು ಅವರನ್ನು ಸಸೂನ್ ಆಸ್ಪತ್ರೆಗೆ ಸೇರಿಸಿದರು. ನೆಲ್ಯಾಡಿಯ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಕೇಳಿರಲಿಲ್ಲ. ಅಬ್ಬಾ ಅದೇ ರಾತ್ರಿ ಬಸ್ ಹತ್ತಿದರು. ನಾನಿ ಪ್ರತಿ ನಮಾಜಿನ ನಂತರ ಮಗನಿಗಾಗಿ ದುವಾ ಮಾಡುವಾಗ ಆ ಆಸ್ಪತ್ರೆ ಕಟ್ಟಿಸಿದವರನ್ನೂ ಸೇರಿಸಿಕೊಳ್ಳುತ್ತಿದ್ದರು.

ಮಾಮೂಗೆ ರಕ್ತ ಬೇಕಾದಾಗ ಪರಿಚಯವೇ ಇಲ್ಲದ ಇಬ್ಬರು ಮರಾಠಿ ಹುಡುಗರು ಕೊಟ್ಟರಂತೆ. ಸಂಜೆ ಯಾರೋ ವಾರ್ಡಿಗೆ ಬಂದು ಚಹಾ, ಬಿಸ್ಕತ್ತು ಹಂಚುತ್ತಿದ್ದರಂತೆ. ಅಬ್ಬಾ ಇದನ್ನು ಎಷ್ಟೋ ಸಲ ಹೇಳಿದ್ದಾರೆ.

ಸಸೂನ್ ಯಾರು ಎಂದು ನಾನು ಹುಡುಕಿದ್ದು ಕಳೆದ ವರ್ಷ. ಡೇವಿಡ್ ಸಸೂನ್ 1792ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ. ಮುಂಬೈಗೆ ಬಂದು ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ ದೊಡ್ಡ ಶ್ರೀಮಂತರಾದರು. ಅಫೀಮಿನ ಹಣವನ್ನು ನಾನು ಹೊಗಳಲಾರೆ. ಆದರೆ ಅವರ ದಾನದಿಂದ ಎದ್ದ ಆಸ್ಪತ್ರೆ 1867ರಲ್ಲಿ, ಅವರು ತೀರಿಕೊಂಡು ಮೂರು ವರ್ಷದ ಮೇಲೆ, ಎಲ್ಲ ಜಾತಿ ಧರ್ಮದವರಿಗೂ ತೆರೆಯಿತು. ಈಗ ಅದು ಸರ್ಕಾರಿ ಆಸ್ಪತ್ರೆ. ಹೆಸರು ಮಾತ್ರ ಹಾಗೇ ಇದೆ.

ಓದಿ ನನಗೆ ಇರಿಸುಮುರಿಸಾಯಿತು. ಆಗ ನನ್ನ ವಾಟ್ಸಾಪ್ ಸ್ಟೇಟಸಿನಲ್ಲಿ ಗಾಜಾದ ಮಕ್ಕಳ ಚಿತ್ರವಿತ್ತು. ನಾನಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಕೊನೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಾಗ್ದಾದಿನವರಾ? ಗೌಸ್ ಪಾಕರ ಊರು. ಹೆಸರು ಡೇವಿಡ್ ಅಂದರೆ ನಮ್ಮ ದಾವೂದ್ ಅಲ್ಲವಾ?” ಎಂದರು. ಅಷ್ಟೇ ಹೇಳಿ ತಸ್ಬೀಹ್ ಎತ್ತಿಕೊಂಡರು.

ಗಾಜಾದ ಬಗ್ಗೆ ನನ್ನ ದುಃಖ ಕಡಿಮೆಯಾಗಿಲ್ಲ. ಆದರೆ ಇಂದಿನ ಒಂದು ಸರ್ಕಾರ ಮಾಡಿದ್ದನ್ನು ಎಂದೋ ತೀರಿಕೊಂಡವರ ಖಾತೆಗೆ ಬರೆಯುವುದು ಸರಿಯಲ್ಲ. ಅಕೌಂಟೆನ್ಸಿಯಲ್ಲಿ ನಾವು ಓದುತ್ತೇವೆ: ಮೊತ್ತವನ್ನು ಬೇರೆಯವರ ಖಾತೆಗೆ ಬರೆದರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ಲೆಕ್ಕ ಮಾತ್ರ ತಪ್ಪಾಗಿರುತ್ತದೆ.

ಕೋಲ್ಕತ್ತದಲ್ಲಿ ಯಹೂದಿಗಳು 1881ರಲ್ಲಿ ತಮ್ಮ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆಯಿದೆ. ಇಂದು ಅಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಆ ನಗರದ ಸಿನಗಾಗ್‌ಗಳನ್ನು, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು, ತಲೆಮಾರುಗಳಿಂದ ನೋಡಿಕೊಳ್ಳುತ್ತಿರುವವರೂ ಮುಸ್ಲಿಮರೇ. ಯಹೂದಿಗಳ ಹೀಬ್ರೂ ಭಾಷೆಯಲ್ಲಿ ದಾನಕ್ಕೆ ‘ತ್ಸೆದಕಾ’ ಎನ್ನುತ್ತಾರೆ. ನಮ್ಮ ‘ಸದ್ಕಾ’ದ ಒಡಹುಟ್ಟಿದ ಪದ ಅದು.

ಬೇರೆಯವರು ಕಟ್ಟಿದ್ದನ್ನು ಜನ ಯಾಕೆ ಉಳಿಸಿಕೊಂಡು ಹೋಗುತ್ತಾರೆ? ಮಾಮೂನನ್ನು ಕೇಳಿದೆ. “ನನಗೆ ರಕ್ತ ಕೊಟ್ಟ ಹುಡುಗರಿಗೂ ಸಸೂನ್ ಯಾರೆಂದು ಗೊತ್ತಿರಲಿಕ್ಕಿಲ್ಲ. ಅದು ಅವರ ಊರಿನ ಆಸ್ಪತ್ರೆ, ಅಷ್ಟೇ” ಎಂದರು. ಈಗ ಅವರು ಕುಂಟುತ್ತಲೇ ನಡೆಯುತ್ತಾರೆ. ಆದರೂ ಊರ ಸುತ್ತಮುತ್ತ ರಕ್ತದಾನ ಶಿಬಿರವಾದರೆ ತಪ್ಪಿಸುವುದಿಲ್ಲ.

ಈ ಸಲದ ಶಿಬಿರಕ್ಕೆ ನಾನೂ ಹೋಗಿದ್ದೆ. ಹದಿನೆಂಟು ತುಂಬದವರ ರಕ್ತ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೇಜಿನ ಹಿಂದೆ ಕೂತು ಬಂದವರ ಹೆಸರು, ವಯಸ್ಸು, ರಕ್ತದ ಗುಂಪು ಬರೆದುಕೊಂಡೆ. ಮುಂದಿನ ವರ್ಷ ಆ ಪಟ್ಟಿಯಲ್ಲಿ ನನ್ನ ಹೆಸರೂ ಇರುತ್ತದೆ, ಇನ್ಶಾ ಅಲ್ಲಾಹ್. ನೀವೂ ಬನ್ನಿ.