ಕೃಷ್ಣಗಿರಿಯ ಕಲ್ಲುಗಳು ಮತ್ತು ನಮ್ಮ ಅಂಗಡಿಯ ಖಾತೆ ಪುಸ್ತಕ

ಹೋದ ಡಿಸೆಂಬರ್ ರಜೆಯಲ್ಲಿ ನಾವು ಮನೆಮಂದಿಯೊಂದಿಗೆ ಹೊಸೂರಿನಿಂದ ಕೃಷ್ಣಗಿರಿಗೆ ಹೋಗಿ ಬಂದೆವು. ಇದರಲ್ಲೇನು ವಿಶೇಷ ಎಂದು ಓದುಗ ಬಂಧುಗಳು ಕೇಳಬಹುದು. ಐವತ್ತು ಕಿಲೋಮೀಟರಿನ ದಾರಿ. ಹುಣಸೆಹಣ್ಣಿನ ವ್ಯಾಪಾರಕ್ಕೆಂದು ನಲವತ್ತು ವರ್ಷಗಳಿಂದ ಓಡಾಡಿದ ಊರು. ಆದರೆ ಅಲ್ಲಿನ ಗಾಂಧಿ ರಸ್ತೆಯಲ್ಲಿ 1993ರಿಂದ ಇರುವ ಸರ್ಕಾರಿ ಮ್ಯೂಸಿಯಂ ಒಳಗೆ ನಾವು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮಂಡಿಯ ಕೆಲಸ ಮುಗಿದರೆ ಬಸ್ ಸ್ಟ್ಯಾಂಡು, ಬಸ್ ಸಿಕ್ಕರೆ ಮನೆ. ವ್ಯಾಪಾರಿಯ ಪ್ರಯಾಣವೆಂದರೆ ಅಷ್ಟೇ.

ಈ ಸಲ ಹೊರಡಿಸಿದವಳು ಒಂಬತ್ತನೇ ತರಗತಿಯ ನಮ್ಮ ಮೊಮ್ಮಗಳು. ನಮ್ಮ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾಗ ಲಿವರ್‌ಪೂಲ್ ನಗರದ ಗುಲಾಮಗಿರಿ ಮ್ಯೂಸಿಯಂ ನೋಡಿ ಫೋಟೊ ಕಳಿಸಿದ್ದ. ಗುಲಾಮರ ವ್ಯಾಪಾರವನ್ನು ಬ್ರಿಟಿಷರು ಕಾನೂನಿನಿಂದ ನಿಲ್ಲಿಸಿದ್ದು 1807ರಲ್ಲಿ; ಇನ್ನೂರು ವರ್ಷ ತುಂಬಿದ್ದಕ್ಕೆ 2007ರಲ್ಲಿ ಆ ಮ್ಯೂಸಿಯಂ ತೆರೆದರು. ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿಗಳ ಫೋಟೊ ನೋಡಿ ಹುಡುಗಿ, "ತಾತ, ನಮ್ಮ ಕಡೆ ಗುಲಾಮರು ಇದ್ರಾ?" ಎಂದಳು. "ಇಲ್ಲ ಪುಟ್ಟಿ, ಅದೆಲ್ಲ ಆಫ್ರಿಕಾ, ಅಮೆರಿಕ ಕಡೆ" ಎಂದೆವು. "ಹಾಗಾದ್ರೆ ಜೀತ ಅಂದ್ರೇನು?" ಎಂದಳು. ಅವಳ ಕನ್ನಡ ಪುಸ್ತಕದ ಪೆಟ್ಟಿಗೆಯಲ್ಲಿ ಕಾರಂತರ 'ಚೋಮನ ದುಡಿ' ಇತ್ತು. ಸರಿ, ನಮ್ಮ ಜಿಲ್ಲೆಯ ಮ್ಯೂಸಿಯಂನಲ್ಲಿ ಏನಿದೆಯೋ ನೋಡೋಣ ಎಂದು ಹೊರಟೆವು.

ಹೋಗುವವರಿಗೆ ಒಂದು ಮಾತು. ಶುಕ್ರವಾರ ಮ್ಯೂಸಿಯಂಗೆ ರಜೆ. ವಿಚಾರಿಸದೆ ಶುಕ್ರವಾರವೇ ಹೊರಡಿಸಿದ ನಾವು ಬೀಗ ನೋಡಿ ವಾಪಸಾಗಿ, ಮನೆಯವರಿಂದ ಬೈಸಿಕೊಂಡು, ಭಾನುವಾರ ಮತ್ತೆ ಹೋದೆವು. ಶೂಳಗಿರಿ ದಾಟಿದ ಮೇಲೆ ದಾರಿಯುದ್ದಕ್ಕೂ ಮಾವಿನ ತೋಪು, ನಡುನಡುವೆ ಲಾರಿಯ ಮೇಲೆ ಮನೆಯಷ್ಟು ದೊಡ್ಡ ಗ್ರಾನೈಟ್ ದಿಮ್ಮಿಗಳು. ಕೃಷ್ಣಗಿರಿ ಕೋಟೆಯ ಬೆಟ್ಟ ದೂರದಿಂದಲೇ ಕಾಣುತ್ತದೆ.

ಮ್ಯೂಸಿಯಂ ದೊಡ್ಡದಲ್ಲ, ಆದರೆ ವೀರಗಲ್ಲುಗಳನ್ನು ನೋಡಲೆಂದೇ ಹೋಗಬೇಕು. ಈ ಸೀಮೆಯ ಹಳ್ಳಿಗಳಲ್ಲಿ ಸಿಕ್ಕ ಕಲ್ಲುಗಳು. ತಮಿಳಿನವರು ಇವನ್ನು ನಡುಕಲ್ ಎನ್ನುತ್ತಾರೆ. ಹೊಲದ ಬದಿಯಲ್ಲಿ ಇನ್ನೂ ಇರುವ ಇಂಥ ಕಲ್ಲುಗಳಿಗೆ ವೇಡಿಯಪ್ಪನೆಂದು ಪೂಜೆಯೂ ನಡೆಯುತ್ತದೆ. ಬಿಲ್ಲು ಹಿಡಿದವನು, ಕತ್ತಿ ಎತ್ತಿದವನು. ಹಿಂದಿನ ಕಾಲದಲ್ಲಿ ದನಗಳೇ ಸಂಪತ್ತು; ಒಂದು ಊರಿನವರು ಇನ್ನೊಂದು ಊರಿನ ದನ ಹೊಡೆದುಕೊಂಡು ಹೋಗುವುದು, ಬಿಡಿಸಿಕೊಳ್ಳಲು ಹೋದವನು ಸಾಯುವುದು, ಅವನಿಗೆ ಕಲ್ಲು ನಿಲ್ಲಿಸುವುದು. ಕಲ್ಲಿನಲ್ಲಿ ಸತ್ತವನ ಹೆಸರು, ಆಗಿನ ಅರಸನ ಹೆಸರು ಕೊರೆಯುತ್ತಿದ್ದರು. ದಾನ ಕೊಟ್ಟವರ ಹೆಸರೂ ಕಲ್ಲಿನಲ್ಲಿ ಉಳಿದಿದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ಸೆಟ್ಟರ ಮಕ್ಕಳು ಬಸದಿ ಕಟ್ಟಿಸಿದ್ದನ್ನು ಕ್ರಿ.ಶ. 893ರ ಕನ್ನಡ ಶಾಸನ ಹೇಳುತ್ತದೆ. ನಮ್ಮವರು ಸಾವಿರದ ನೂರು ವರ್ಷದ ಹಿಂದೆಯೇ ಈ ಸೀಮೆಯಲ್ಲಿದ್ದರು ಎಂದು ನಾವು ಮೊಮ್ಮಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆವು. ಅವಳು ಒಂದು ಸುತ್ತು ಬಂದು, "ಇದರಲ್ಲಿ ಜೀತದವರ ಕಲ್ಲು ಯಾವುದು ತಾತ?" ಎಂದಳು.

ಅಂಥದ್ದು ನಮಗೆ ಒಂದೂ ಕಾಣಲಿಲ್ಲ. ದನ ಬಿಡಿಸಿದವನಿಗೆ ಕಲ್ಲು ಇದೆ. ಆ ದನ ಮೇಯಿಸುತ್ತಿದ್ದವನಿಗೆ ಇಲ್ಲ.

ಮಧ್ಯಾಹ್ನ ಕೃಷ್ಣಗಿರಿ ಡ್ಯಾಮಿನ ತೋಟದಲ್ಲಿ ಬುತ್ತಿ ಬಿಚ್ಚಿದೆವು. 1957ರಲ್ಲಿ ಕಾಮರಾಜರ ಕಾಲದಲ್ಲಿ ಮುಗಿದ ಅಣೆಕಟ್ಟು. ಜೋಳದ ರೊಟ್ಟಿ, ಹೆಸರುಬೇಳೆ ಪಲ್ಯ ಚೆನ್ನಾಗಿತ್ತು, ಆದರೆ ಹುಡುಗಿ ಸುಮ್ಮನಾಗಲಿಲ್ಲ. ಪಾಠಶಾಲೆಯಲ್ಲಿ ಕಲಿತದ್ದನ್ನು ತೆಗೆದಳು. "ಚಂದನಬಾಲೆಯನ್ನ ಕೌಶಾಂಬಿಯಲ್ಲಿ ಕೊಂಡವರು ಸೆಟ್ಟಿ ತಾನೆ?" ಹೌದು, ಸೆಟ್ಟಿಯೇ. ಆ ಕತೆಯನ್ನು ನಾವು ನೂರು ಸಲ ಕೇಳಿದ್ದೇವೆ. ಬೇಡಿ ಹಾಕಿಕೊಂಡ ಕನ್ಯೆ ಭಗವಾನ್ ಮಹಾವೀರರಿಗೆ ಆಹಾರ ಕೊಟ್ಟದ್ದಕ್ಕೆ ಕೈ ಮುಗಿದಿದ್ದೇವೆ. ಮನುಷ್ಯರನ್ನು ಮಾರುವ ಸಂತೆ ಇತ್ತು, ಕೊಂಡವರು ನಮ್ಮ ಕಸುಬಿನವರು ಎಂಬುದರ ಮೇಲೆ ಮನಸ್ಸು ನಿಲ್ಲಿಸಿದ್ದಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಗೃಹಸ್ಥರು ಮಿತಿ ಹಾಕಿಕೊಳ್ಳಬೇಕಾದ ಪರಿಗ್ರಹಗಳ ಪಟ್ಟಿಯಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳ ಜೊತೆ ದಾಸಿಯರು, ದಾಸರೂ ಇದ್ದಾರೆ. ಇದ್ದ ಕಾರಣಕ್ಕೇ ಮಿತಿ ಹೇಳಬೇಕಾಯಿತು.

ಮನೆಗೆ ಬಂದು ಪುಸ್ತಕಗಳನ್ನು ತಿರುವಿದೆವು. ಮೆಟ್ರಿಕ್ ಓದಿದ ನಮಗೂ ಲೆಕ್ಕ ಅರ್ಥವಾಗುತ್ತದೆ. ಬ್ರಿಟಿಷರು 1833ರಲ್ಲಿ ತಮ್ಮ ವಸಾಹತುಗಳ ಗುಲಾಮರನ್ನು ಬಿಡಿಸಲು ಕಾನೂನು ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟರು. ಯಾರಿಗೆ? ಮಾಲೀಕರಿಗೆ. ದುಡಿದವನಿಗೆ ಒಂದು ಕಾಸೂ ಇಲ್ಲ. ಅದಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಂತೆ! ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಆ ಕಾನೂನಿನಿಂದ ಹೊರಗಿಟ್ಟರು. ನಮ್ಮಲ್ಲಿ ಮನುಷ್ಯನನ್ನು ಆಸ್ತಿಯೆಂದು ಕೋರ್ಟು ಒಪ್ಪಬಾರದು ಎಂದಾದದ್ದು 1843ರಲ್ಲಿ. ದಾಸರ ಕ್ರಯವಿಕ್ರಯ ಅಪರಾಧವಾದದ್ದು ದಂಡಸಂಹಿತೆ ಜಾರಿಯಾದ 1862ರಿಂದ.

ಗುಲಾಮ ಹೋದ, ಮುಂಗಡ ಬಂತು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟುಹೋದರೆ ಅವನನ್ನು ಜೈಲಿಗೆ ಕಳಿಸಬಹುದೆಂದು 1859ರಲ್ಲಿ ಒಂದು ಕಾನೂನು ಮಾಡಿದರು. ಅದನ್ನು ತೆಗೆದುಹಾಕಲು 1925ರವರೆಗೆ ಕಾಯಬೇಕಾಯಿತು. ಆಗ ಹೊಸೂರು, ಕೃಷ್ಣಗಿರಿ ಎರಡೂ ಸೇಲಂ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಯಿಂದ ಸಿಲೋನಿನ ತೋಟಗಳಿಗೆ ಜನರನ್ನು ಕಂಗಾಣಿಗಳು ಕರೆದೊಯ್ದದ್ದೂ ಮುಂಗಡ ಕೊಟ್ಟೇ. ಸ್ವತಂತ್ರ ಭಾರತದ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. ಆದರೂ ಜೀತ ಪದ್ಧತಿ ರದ್ದು ಕಾನೂನು ಬಂದದ್ದು 1976ರಲ್ಲಿ. ಅದರಂತೆ ಜೀತದ ಸಾಲ ಅಲ್ಲಿಗೇ ವಜಾ. ಆಮೇಲೂ ಆ ಸಾಲದ ಹಣ ವಾಪಸು ತೆಗೆದುಕೊಂಡರೆ ಕೊಟ್ಟವನಿಗಲ್ಲ, ತೆಗೆದುಕೊಂಡವನಿಗೆ ಶಿಕ್ಷೆ, ಮೂರು ವರ್ಷದವರೆಗೆ.

1976 ಎಂದು ಓದಿದಾಗ ಪುಸ್ತಕ ಮುಚ್ಚಿಟ್ಟೆವು. ಇನ್ನು ಮುಂದೆ ಬರೆಯುವುದು ನಮ್ಮ ಬಂಧುಗಳಲ್ಲಿ ಕೆಲವರಿಗೆ ಹಿಡಿಸದು.

ನಮ್ಮ ತಂದೆಯವರ ಮಂಡಿಯಲ್ಲಿ ಒಬ್ಬ ಹುಡುಗನಿದ್ದ. ನಮಗಿಂತ ನಾಲ್ಕು ವರ್ಷ ದೊಡ್ಡವನು. ಅಕ್ಕನ ಮದುವೆಗೆ ಅವನ ಅಪ್ಪ ತೆಗೆದುಕೊಂಡ 250 ರೂಪಾಯಿಗೆ ಬಂದವನು. ಅಂಗಡಿಯ ಹಿಂದಿನ ಚೀಲಗಳ ಮೇಲೆ ಮಲಗುತ್ತಿದ್ದ. ನಮ್ಮ ಶಾಲೆಯ ಚೀಲ ಅವನೇ ಹೊರುತ್ತಿದ್ದ. ಮನೆಯಲ್ಲಿ ಎಲ್ಲರೂ "ಅವನು ಮನೆಮಗನ ಹಾಗೆ" ಎನ್ನುತ್ತಿದ್ದರು, ನಾವೂ ಮೊನ್ನೆಯವರೆಗೆ ಹಾಗೇ ಹೇಳುತ್ತಿದ್ದೆವು. ನಮ್ಮ ಅಕ್ಷರ ದುಂಡಗಿದೆಯೆಂದು ಹದಿನಾಲ್ಕನೇ ವಯಸ್ಸಿನಿಂದ ತಂದೆಯವರು ಖಾತೆ ನಮ್ಮ ಕೈಯಲ್ಲೇ ಬರೆಸಿದರು. ಅವನ ಪುಟದಲ್ಲಿ ವರ್ಷಕ್ಕೆ ಚಾಕರಿ ಬಾಬ್ತು ಅರವತ್ತು ರೂಪಾಯಿ ಜಮಾ. ಖರ್ಚಿನ ಕಡೆ ದೀಪಾವಳಿ ಪಂಚೆ, ಜ್ವರದ ಔಷಧಿ, ಒಡೆದ ತಕ್ಕಡಿ ಬಟ್ಟಲು, ನೂರಕ್ಕೆ ಒಂದೂವರೆ ಬಡ್ಡಿ. 1976ರ ಯುಗಾದಿಗೆ ಅವನ ಬಾಕಿ 412 ರೂಪಾಯಿ.

ಆ ವರ್ಷ ಜೀಪಿನಲ್ಲಿ ಅಧಿಕಾರಿಗಳು ಅಂಗಡಿ ಅಂಗಡಿಗೂ ಬಂದು ವಿಚಾರಿಸುತ್ತಾರೆಂದು ಸುದ್ದಿಯಾಯಿತು. ಒಂದು ರಾತ್ರಿ ತಂದೆಯವರು ಹೊಸ ಪುಸ್ತಕ ತಂದು ಲಾಟೀನಿನ ಮುಂದೆ ಕೂರಿಸಿದರು. ತಿಂಗಳಿಗೆ ಇಷ್ಟು ಸಂಬಳ, ಪೂರ್ತಿ ಸಂದಾಯ, ಬಾಕಿ ಇಲ್ಲ ಎಂದು ಹಿಂದಿನ ಮೂರು ವರ್ಷಕ್ಕೂ ಬರೆಸಿದರು. ಅವನ ಹೆಬ್ಬೆಟ್ಟು ಒತ್ತಿಸಿದವರೂ ನಾವೇ. ಮರುವಾರ ಬಂದವರು ಪುಸ್ತಕ ನೋಡಿದರು, ಅವನನ್ನು ಕೇಳಿದರು, "ಸಂಬಳ ಕೊಡ್ತಾರೆ" ಎಂದ, ಹೋದರು. ಮುಂದಿನ ವರ್ಷ ಒಂದು ಬೆಳಗ್ಗೆ ಅವನಿರಲಿಲ್ಲ. "ಉಂಡ ಮನೆಗೆ ದ್ರೋಹ" ಎಂದು ತಂದೆಯವರು ಸಾಯುವವರೆಗೂ ಹೇಳಿದರು. ಅವರು ಕೆಟ್ಟವರಲ್ಲ, ಪರ್ಯೂಷಣದಲ್ಲಿ ಉಪವಾಸ ತಪ್ಪಿಸಿದವರಲ್ಲ.

ಎರಡೂ ಪುಸ್ತಕ ಅಟ್ಟದ ಮೇಲಿದ್ದವು. ಇಳಿಸಿ ಮೊಮ್ಮಗಳ ಮುಂದಿಟ್ಟೆವು. ಅವಳು ಎರಡನ್ನೂ ಓದಿ, "ಎರಡೂ ನಿಮ್ಮ ಅಕ್ಷರಾನೇ" ಎಂದಳು.

ಆಗ ಮಂಡಿಯ ಹಮಾಲಿಗೆ ಏನು ಸಿಗುತ್ತಿತ್ತೋ ಆ ಕೂಲಿ ಹಿಡಿದು, ಊಟದ ಖರ್ಚು ಕಳೆದು, ತಂದೆಯವರು ಹಾಕಿದ ದರದಲ್ಲೇ ಬಡ್ಡಿ ಸೇರಿಸಿ, ಹನ್ನೊಂದು ವರ್ಷದ ಲೆಕ್ಕ ಹಾಕಿದೆವು. ಮೊತ್ತ ಇಲ್ಲಿ ಬರೆದರೆ ದೊಡ್ಡಸ್ತಿಕೆಯಾದೀತು. ದೊಡ್ಡ ಮಗ, "ಅಪ್ಪಾ, ಕಾಲಮಿತಿ ಮೀರಿ ನಲವತ್ತು ವರ್ಷವಾಯ್ತು, ಯಾರು ಕೇಳ್ತಾರೆ?" ಎಂದ. ಕಾನೂನಿನ ಪ್ರಕಾರ ಅವನ ಮಾತೇ ಸರಿಯಿರಬಹುದು. ಆದರೆ ಅವನ ಇಟ್ಟಿಗೆ ಗೂಡಿನ ಆಳುಗಳಿಗೂ ಮುಂಗಡದ ಪುಸ್ತಕವೇ ಇದೆ ಎಂದು ನಾವು ನೆನಪಿಸಿದೆವು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಜೀತದಿಂದ ಬಿಡುಗಡೆಯಾದವರಿಗೆ 2016ರ ಯೋಜನೆಯಂತೆ ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಪರಿಹಾರವಿದೆ. ಅಂದರೆ ಇಂದಿಗೂ ಬಿಡುಗಡೆಯಾಗಬೇಕಾದವರು ಇದ್ದಾರೆ. ಮಗ ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.

ವಿಚಾರಿಸಿದಾಗ ಅವನು ಕೆಲಮಂಗಲದ ಬಳಿಯ ಹಳ್ಳಿಯಲ್ಲಿ ಇದ್ದಾನೆಂದು ಗೊತ್ತಾಯಿತು. ಇದ್ದಾನೆ ಎನ್ನಬಾರದು, ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಅರ್ಧ ಎಕರೆಯಲ್ಲಿ ಟೊಮ್ಯಾಟೊ, ಮಗ ಹೊಸೂರಿನ ಫ್ಯಾಕ್ಟರಿಯಲ್ಲಿ. ಸಂಕ್ರಾಂತಿ ಕಳೆದ ಮೇಲೆ ಮೊಮ್ಮಗಳೊಡನೆ ಹೋದೆವು. ಗುರುತು ಹಿಡಿದರು. "ಅಮ್ಮಾವ್ರು ಇದಾರಾ?" ಎಂದು ಮೊದಲು ನಮ್ಮ ತಾಯಿಯನ್ನು ಕೇಳಿದರು. ಇಲ್ಲವೆಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾವು ಬಂದ ವಿಷಯ ಹೇಳಿದೆವು. ಹೇಳುವುದು ಸುಲಭವಾಗಲಿಲ್ಲ.

"ಆವತ್ತು ಜೀಪಿನವರು ಕೇಳಿದಾಗ ನಾನು ನಿಮ್ಮ ಮುಖ ನೋಡ್ದೆ ಸಾವ್ಕಾರ್ರೇ. ನೀವು ತಲೆ ಎತ್ತಲಿಲ್ಲ" ಎಂದರು. ಕೋಪವಿಲ್ಲದೆ, ಮಳೆಯ ವಿಷಯ ಹೇಳಿದ ಹಾಗೆ. ನಮಗೆ ಉತ್ತರ ತೋಚಲಿಲ್ಲ.

ಆಮೇಲೆ ಲೆಕ್ಕದ ಚೀಟಿಯನ್ನು ಮೊಮ್ಮಗಳ ಕೈಯಲ್ಲಿ ಓದಿಸಿ ಕೇಳಿದರು. "1966ರಿಂದ" ಎಂದು ಅವಳು ಶುರುಮಾಡುತ್ತಲೇ ಕೈ ಅಡ್ಡ ಹಿಡಿದರು. "ಅದಕ್ಕೆ ಮುಂಚೆ ಎರಡು ವರ್ಷ ನಿಮ್ಮ ಎಮ್ಮೆ ಮೇಯಿಸಿದೀನಿ ತಾಯಿ. ಆಗ ನಂಗೆ ಎಂಟು ವರ್ಷ." ನಮ್ಮ ಪುಸ್ತಕದ ಮೊದಲ ಸಾಲು 'ಹಿಂದಿನ ಪುಸ್ತಕದಿಂದ ತಂದ ಬಾಕಿ 250' ಎಂದಿದೆ. ಆ ಹಿಂದಿನ ಪುಸ್ತಕ ಗೆದ್ದಲು ತಿಂದು ಹೋಗಿದೆ. ಎರಡು ವರ್ಷ ದುಡಿದರೂ ಬಾಕಿ ಇಳಿಯದೆ ಹಾಗೆಯೇ ಬಂದಿದ್ದನ್ನು ಇಷ್ಟು ವರ್ಷ ಲೆಕ್ಕ ಬರೆದ ನಮ್ಮ ಕಣ್ಣು ಗಮನಿಸಿರಲಿಲ್ಲ.

ಚೀಟಿಯನ್ನು ವಾಪಸು ತಂದೆವು. 1964ರಲ್ಲಿ ದನಗಾಹಿ ಹುಡುಗನಿಗೆ ಹೊಸೂರಿನಲ್ಲಿ ಏನು ಕೊಡುತ್ತಿದ್ದರು ಎಂದು ಹಳಬರನ್ನು ಕೇಳುತ್ತಿದ್ದೇವೆ. ಮುಂದಿನ ಭಾನುವಾರ ಮತ್ತೆ ಕೆಲಮಂಗಲಕ್ಕೆ ಹೋಗಬೇಕಾಗಿದೆ. ದೊಡ್ಡ ಮಗ ತಾನೂ ಬರುತ್ತೇನೆ ಎಂದಿದ್ದಾನೆ.